ಖಾಲಿ ಚೀಟಿ

ಟೌರಂಗಾ
6 ಫೆಬ್ರವರಿ 2019, ಬುಧವಾರ

ಉದಯ್ ಅವರಿಗೆ ಚಂದ್ರಿಕಾಳ ನಮಸ್ಕಾರ.

ಇಷ್ಟು ಬರೆಯುವುದಕ್ಕೇ ಮೂರು ಹಾಳೆ ಹರಿದು ಹಾಕಿದೆ. ‘ಏನ್ರೀ’ ಎಂದು ಶುರು ಮಾಡಿದರೆ ಅಡುಗೆಮನೆಯಿಂದ ಕೂಗಿದ ಹಾಗಿರುತ್ತದೆ. ‘ಪ್ರೀತಿಯ’ ಎಂದು ಬರೆಯೋಣವೆಂದರೆ, ಬಿಟ್ಟು ಬಂದವಳಿಗೆ ಆ ಪದ ಎಲ್ಲಿಂದ ಬಂತು ಎಂದು ನೀವು ಕೇಳುವವರಲ್ಲ, ನಾನೇ ಕೇಳಿಕೊಳ್ಳುತ್ತೇನೆ. ಮದುವೆಯಾಗಿ ಇಪ್ಪತ್ತೇಳು ವರ್ಷವಾದರೂ ನಾನು ನಿಮಗೆ ಕಾಗದ ಬರೆದವಳೇ ಅಲ್ಲ. ನಾನು ಮನೆ ಬಿಟ್ಟು ಇಲ್ಲಿಗೆ ಬರುವ ತನಕ ಬರೆಯುವಷ್ಟು ದೂರ ನಾವು ಎಂದೂ ಇರಲಿಲ್ಲ.

ನಿಮ್ಮ ಕಾಗದ ಶನಿವಾರ ಬಂತು. ಸ್ಪೇರ್ ಪಾರ್ಟ್ ಪಟ್ಟಿ ಬರೆದ ಹಾಗೆ ಒಂದು ಸಾಲಿಗೆ ಒಂದೇ ವಿಷಯ ಬರೆದಿದ್ದೀರಿ. ಬಿ.ಪಿ. ಮಾತ್ರೆ ತಗೊಳ್ತಿದ್ದೀರಾ ಇಲ್ಲವಾ ಅನ್ನುವುದು ಮಾತ್ರ ಆ ಪಟ್ಟಿಯಲ್ಲಿ ಇಲ್ಲ. ಇವತ್ತು ವೈಟಾಂಗಿ ದಿನದ ಸರ್ಕಾರಿ ರಜೆ, ಆಸ್ಪತ್ರೆಯ ಲ್ಯಾಬಿಗೆ ಹೋಗಬೇಕಿಲ್ಲ. ನನ್ನ ಫ್ಲಾಟ್‌ಮೇಟ್ ರಚನಾ ನಾಳೆ ಬೆಳಿಗ್ಗೆ ಆಕ್ಲೆಂಡಿಗೆ ಹೊರಟಿದ್ದಾಳೆ, ಈ ಲಕೋಟೆಯನ್ನು ನಿಮ್ಮ ಕೈಗೇ ಕೊಡುತ್ತಾಳೆ. ಪಾಪ ಅವಳಿಗೆ ಏನೂ ಗೊತ್ತಿಲ್ಲ, ಕೂರಿಸಿಕೊಂಡು ಏನನ್ನೂ ಕೇಳಬೇಡಿ. ಒಂದು ಲೋಟ ಕಾಫಿ ಕೊಟ್ಟು ಕಳಿಸಿ.

ನೀವು ಬರೆದದ್ದು ನನಗೆ ಅರ್ಥವಾದದ್ದು ಇಷ್ಟು. ರೇಸ್ ಸರಣಿ ನಡೆಸುವ ಗ್ರಹಾಂ ನಿಮ್ಮನ್ನು ಹುಡುಕಿಕೊಂಡು ಆಕ್ಲೆಂಡಿನ ಒನೆಹುಂಗಾಗೆ ಬಂದಿದ್ದ. ಚಾಲಕರ ತಲೆಯ ಮೇಲೆ ಲೋಹದ ಕಮಾನು ಇರುವ ಹೊಸ ಕಾರುಗಳು ಈ ಬೇಸಿಗೆಗೆ ಅಂತೂ ಬಂದವು. ಬಂದು ಎರಡು ರೇಸ್ ಆಗುವಷ್ಟರಲ್ಲಿ ಅರ್ಧ ಎಂಜಿನ್ನುಗಳ ಬೇರಿಂಗ್ ಹೋಗಿವೆ. ಕೊಟ್ಟ ಕಂಪನಿಯವರು ಮೂರು ತಿಂಗಳು ಕಾಯಿರಿ ಅನ್ನುತ್ತಿದ್ದಾರೆ. ಇಲ್ಲೇ ಯಾರಾದರೂ ಬಿಚ್ಚಿ ಸರಿ ಮಾಡಿದರೆ ಉಳಿದ ಮೂರು ರೇಸುಗಳೂ ಹೊಸ ಕಾರಿನಲ್ಲೇ ನಡೆಯುತ್ತವೆ. ಇಲ್ಲದಿದ್ದರೆ ಶೆಡ್‌ನಲ್ಲಿ ಮುಚ್ಚಿಟ್ಟಿರುವ ಹಳೇ ಕಾರುಗಳನ್ನು, ತಲೆಗೆ ಏನೂ ರಕ್ಷಣೆಯಿಲ್ಲದ ಆ ಕಾರುಗಳನ್ನು, ಮತ್ತೆ ಹೊರಗೆ ತೆಗೆಯುತ್ತಾರೆ. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ನೀವು ಊಹೂಂ ಅನ್ನುವವರಿದ್ದೀರಿ. ‘ನನ್ನ ಕೈ ಮುಟ್ಟಿದ ಎಂಜಿನ್ ಇರುವ ಕಾರಿನಲ್ಲಿ ಇನ್ನೊಂದು ಮಗು ಕೂರುವುದು ಬೇಡ’ ಎಂದು ಬರೆದಿದ್ದೀರಿ. ಕೊನೆಯಲ್ಲಿ, ಸಾಧ್ಯವಾದರೆ ಕ್ಷಮಿಸು ಅಂತ ಬೇರೆ.

ಅದನ್ನು ಓದಿ ನಾನು ಬಟ್ಟೆ ಒಗೆಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ರೀ, ನೀವು ಹೂಂ ಅನ್ನಬೇಕು. ಆದರೆ ನಾನು ಹೇಳಿದೆ ಅಂತ ನೀವು ಅನ್ನುವುದಿಲ್ಲ, ನಿಮ್ಮ ಹಟ ನನಗೆ ಗೊತ್ತಿಲ್ಲವೇ. ಅದಕ್ಕೇ ನಿಮಗೆ ಒಂದು ವಿಷಯ ಹೇಳಬೇಕಾಗಿದೆ. ಹೇಳಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿಯೇ. ಅದನ್ನು ನೇರವಾಗಿ ಬರೆಯಲು ಕೈ ಬರುತ್ತಿಲ್ಲ, ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳ್ಮೆಯಿಂದ ಓದಿ.

ಕೃತಿಗೆ ಹತ್ತು ತುಂಬಿದ ವರ್ಷ ನೀವು ಅವಳನ್ನು ಕರೆದುಕೊಂಡು ಏವನ್‌ಡೇಲ್ ಸಂತೆಗೆ ಮೆಂತ್ಯ ಸೊಪ್ಪು ತರಲು ಹೋದಿರಿ. ಬರುವಾಗ ನಮ್ಮ ಯೂಟ್ ಪಿಕಪ್ ಗಾಡಿಯ ಹಿಂದೆ ಚಕ್ರ ಕಿತ್ತುಹೋದ ಗೋ-ಕಾರ್ಟ್ ಇತ್ತು, ಸೊಪ್ಪು ಇರಲಿಲ್ಲ. ಅವತ್ತು ನಾನು ಹಾರಾಡಿದ್ದು ನಿಮಗೆ ನೆನಪಿರಬೇಕು. ಮಗಳನ್ನು ಭರತನಾಟ್ಯಕ್ಕೆ ಸೇರಿಸೋಣ ಅಂದರೆ ಗ್ರೀಸ್ ಮೆತ್ತಿಸಿಕೊಂಡು ಬರುತ್ತಾಳಲ್ಲಾ ಅಂತ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕಿರಿ. ಅವತ್ತಿನಿಂದ ಆ ಮನೆಯಲ್ಲಿ ಎರಡು ಕಡೆಯಾಯಿತು. ನೀವು, ನಿಮ್ಮ ಮಗಳು ಒಂದು ಕಡೆ. ನಾನು ಒಬ್ಬಳೇ ಇನ್ನೊಂದು ಕಡೆ.

ಅವಳು ಕಪ್ ಗೆದ್ದು ತಂದಾಗಲೂ ನಾನು ಮೊದಲು ಕೇಳುತ್ತಿದ್ದದ್ದು ಎಲ್ಲಾದರೂ ಪೆಟ್ಟಾಯಿತಾ ಅಂತಲೇ. ಅವಳು ಇಂಗ್ಲಿಷಿನಲ್ಲಿ ಏನೋ ಗೊಣಗಿ ಒಳಗೆ ಹೋಗುತ್ತಿದ್ದಳು. ಮೂರು ವರ್ಷದವಳಿದ್ದಾಗ ಮೈಸೂರಿನಿಂದ ಕಂಕುಳಲ್ಲಿ ಎತ್ತಿಕೊಂಡು ಬಂದ ಮಗು, ಶಾಲೆಗೆ ಸೇರಿದ ಮೇಲೆ ನಾನು ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಬರಬರುತ್ತಾ ನಾನು ಅದನ್ನೂ ರೇಸಿನ ಲೆಕ್ಕಕ್ಕೇ ಸೇರಿಸಿಕೊಂಡು ಕೋಪ ಮಾಡಿಕೊಳ್ಳುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ಅವಳು ನನ್ನನ್ನು ನಂಬುತ್ತಿದ್ದಳು. ನನ್ನ ಕೈಗುಣ ಒಳ್ಳೆಯದು ಅಂತ ಆಕ್ಲೆಂಡಿನ ನಮ್ಮವರೆಲ್ಲ ಹೇಳುತ್ತಿದ್ದರಲ್ಲ. ಹೊಸದಾಗಿ ಬಂದವರು ಹೆಪ್ಪು ಬೇಕೆಂದರೆ ನಮ್ಮ ಮನೆಗೇ ಬರುತ್ತಿದ್ದರು. ಗಿಡ ನೆಡಬೇಕಾದರೆ, ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕಾದರೆ ಚಂದ್ರಿಕಾ ಆಂಟಿಯನ್ನು ಕರೆಯಿರಿ ಅನ್ನುತ್ತಿದ್ದರು. ಕೃತಿ ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದಳು. ಆದರೆ ಪರೀಕ್ಷೆಗೆ ಹೋಗುವ ಮುಂಚೆ ಪೆನ್ನನ್ನು ಮಾತ್ರ ನನ್ನ ಕೈಯಿಂದಲೇ ತೆಗೆದುಕೊಳ್ಳುತ್ತಿದ್ದಳು.

ಇನ್ನು ನಾಲ್ಕು ವರ್ಷದ ಹಿಂದಿನದು, ಕೃತಿಗೆ ಇಪ್ಪತ್ತೊಂದಾಗಿದ್ದ ಆ ವರ್ಷದ ವಿಷಯ. ಹಳೇ ಎಂಜಿನ್ ಕಂಪನಿಯವರು ಇನ್ನು ಮೇಲೆ ಕೊಡುವುದಿಲ್ಲ ಎಂದು ಕೈ ಎತ್ತಿದ್ದು, ಹೊಸ ಕಂಪನಿಯವರ ಎಂಜಿನ್ ಬರದೆ ಹೋದದ್ದು ನಿಮಗೆ ನಾನು ಹೇಳಬೇಕಾಗಿಲ್ಲ. ಆಗ ನನಗೆ ಅದು ತಲೆಗೇ ಹೋಗುತ್ತಿರಲಿಲ್ಲ. ಎಂಜಿನ್ ಬಾರದಿದ್ದರೆ ತಲೆಯ ರಕ್ಷಣೆ ಯಾಕೆ ನಿಲ್ಲಬೇಕು ಅಂತ ನಾನು ಒಮ್ಮೆ ಕೇಳಿದೆ. ನೀವು ಚಪಾತಿ ತಟ್ಟೆಯ ಮೇಲೆ ಎರಡು ಲೋಟ ಇಟ್ಟು ತೋರಿಸಿದಿರಿ. ಕಮಾನು ಹಾಕುವುದು ಹೊಸ ಕಾರಿಗೆ, ಹೊಸ ಕಾರಿನ ಹೊಟ್ಟೆಯಲ್ಲಿ ಹಳೇ ಎಂಜಿನ್ ಕೂರುವುದಿಲ್ಲ, ಹಾಗಾಗಿ ಹೊಸ ಎಂಜಿನ್ ಬರುವ ತನಕ ಹಳೇ ಕಾರೇ ಗತಿ ಎಂದಿರಿ. ಒಂದೇ ಒಂದು ಬೇಸಿಗೆ ಅಂದಿರಿ. ಎಲ್ಲರೂ ಹಾಗೆಯೇ ಅಂದರು.

ಹದಿನಾರು ಕಾರು, ನೆಟ್ಟಗಿರುವ ಎಂಜಿನ್ ಹದಿನಾಲ್ಕು. ನೀವು ಸತ್ತ ಮೂರು ಎಂಜಿನ್ನುಗಳ ಒಳಗಿಂದ ಒಂದೊಂದೇ ಭಾಗ ಆರಿಸಿ, ಕ್ರಿಸ್‌ಮಸ್ ರಜೆಯಿಡೀ ಕೂತು, ಹದಿನೈದನೆಯದನ್ನು ಕಟ್ಟಿದಿರಿ. ಅದರ ಮೇಲೆ ಕುಂಕುಮ ಇಟ್ಟು ನಿಂಬೆಹಣ್ಣು ಇಳಿ ತೆಗೆದಾಗ ಗ್ರಹಾಂ ಫೋಟೋ ತೆಗೆದುಕೊಂಡ. ಅಷ್ಟಾದರೂ ಒಬ್ಬರಿಗೆ ಎಂಜಿನ್ ಇಲ್ಲ. ಯಾರಿಗೆ ಇಲ್ಲ ಅನ್ನುವುದಕ್ಕೆ ಚೀಟಿ ಎತ್ತುವುದು ಎಂದು ತೀರ್ಮಾನವಾಯಿತು. ಚಾಲಕರೂ ಎತ್ತಬಾರದು, ಕಾರು ಮುಟ್ಟುವವರೂ ಎತ್ತಬಾರದು. ಪ್ರತಿ ತಂಡದಿಂದಲೂ ಮನೆಯವರು ಒಬ್ಬರು ಬರಬೇಕು.

ಕೃತಿ ನನ್ನನ್ನು ಕರೆದಳು. ಇಂಗ್ಲಿಷಿನಲ್ಲೇ ಕರೆದಳು, ಆದರೆ ಮಧ್ಯದಲ್ಲಿ ‘ಕೈಗುಣ’ ಎಂಬ ಮಾತನ್ನು ಸೇರಿಸಿದಳು. ಈ ರೇಸ್ ನೋಡಲು ಹೊರದೇಶದ ತಂಡದವರು ಬರುತ್ತಿದ್ದಾರೆ, ಇದೊಂದು ತಪ್ಪಿದರೆ ತನಗೆ ಇಪ್ಪತ್ತೆರಡಾಗುತ್ತದೆ, ಆಮೇಲೆ ತನ್ನನ್ನು ಯಾರೂ ನೋಡುವುದಿಲ್ಲ ಎಂದಳು. ಹನ್ನೊಂದು ವರ್ಷದಲ್ಲಿ ಅವಳು ರೇಸಿನ ವಿಷಯಕ್ಕೆ ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ನಾನು ಪುಳಿಯೋಗರೆ ಕಟ್ಟಿಕೊಂಡು ಬಂದೆ. ನೀವು ಆಶ್ಚರ್ಯದಿಂದ ನನ್ನನ್ನು ನೋಡಿದ್ದು ನನಗೆ ಗೊತ್ತು.

ರೇಸಿನ ಹಿಂದಿನ ದಿನ, ಶನಿವಾರ ಬೆಳಿಗ್ಗೆ ಹತ್ತು ಗಂಟೆ ಇರಬೇಕು. ಗ್ರಹಾಂ ಒಂದು ಹಳೇ ಹೆಲ್ಮೆಟ್ ತಲೆಕೆಳಗು ಮಾಡಿ ಹಿಡಿದಿದ್ದ. ಒಳಗೆ ಮಡಚಿದ ಹದಿನಾರು ಚೀಟಿ. ಹದಿನೈದರಲ್ಲಿ ದಪ್ಪ ಕಪ್ಪು ಪೆನ್ನಿನಲ್ಲಿ ಎಂಜಿನ್ ನಂಬರು, ಒಂದರಲ್ಲಿ ಏನೂ ಇಲ್ಲ. ನೀವು ಆ ಹೊತ್ತಿಗೆ ಗ್ಯಾರೇಜಿನಲ್ಲಿ ಇದ್ದಿರಿ, ನೋಡಲಿಲ್ಲ. ನನ್ನ ಸರದಿ ನಾಲ್ಕನೆಯದು. ನಾನು ಮನಸ್ಸಿನಲ್ಲಿ ಚಾಮುಂಡೇಶ್ವರಿಯನ್ನು ನೆನೆದು ಕೈ ಹಾಕಿ ಒಂದನ್ನು ಹಿಡಿದೆ. ಹೊರಗೆ ತೆಗೆಯುವ ಮುಂಚೆ, ಹೆಲ್ಮೆಟ್ಟಿನ ಒಳಗೇ, ಹೆಬ್ಬೆರಳಿನಿಂದ ಮಡಿಕೆ ಬಿಡಿಸಿ ನೋಡಿದೆ.

ಖಾಲಿ ಇತ್ತು ಕಣ್ರೀ.

ನನ್ನ ಕೈಗೇ ಬಂದಿತ್ತು ಅದು. ನನ್ನ ಮಗಳು ಆ ಭಾನುವಾರ ಕಾರು ಹತ್ತದೆ, ನನ್ನ ಪಕ್ಕದಲ್ಲಿ ಮುಖ ಊದಿಸಿಕೊಂಡು ಪುಳಿಯೋಗರೆ ತಿನ್ನುತ್ತಾ ಕೂರಬೇಕೆಂದು ಬರೆದಿತ್ತು. ಹನ್ನೊಂದು ವರ್ಷ ನಾನು ದೇವರನ್ನು ಬೇಡಿಕೊಂಡದ್ದು ಅದನ್ನೇ ತಾನೇ, ಇವಳು ಕಾರು ಹತ್ತದ ಹಾಗೆ ಮಾಡಪ್ಪಾ ಅಂತ. ಅವನು ಕೊಟ್ಟ. ನಾನು, ‘ಎರಡು ಚೀಟಿ ಅಂಟ್ಕೊಂಡಿದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ಅದನ್ನು ಒಳಗೇ ಬಿಟ್ಟು, ಕಲಕಿ, ಇನ್ನೊಂದನ್ನು ತೆಗೆದೆ. ಗ್ರಹಾಂ ನಕ್ಕು, ನಿಧಾನವಾಗಿ ತೆಗೆಯಿರಿ ಎಂದ. ಅವನಿಗೆ ಸಂಶಯವೇ ಬರಲಿಲ್ಲ. ಹಣೆಯಲ್ಲಿ ಕುಂಕುಮ ಇಟ್ಟುಕೊಂಡು ಊಟದ ಡಬ್ಬಿ ಹಿಡಿದು ನಿಂತ ಹೆಂಗಸು ಮೋಸ ಮಾಡುತ್ತಾಳೆಂದು ಯಾರಿಗೆ ಬರುತ್ತದೆ? ಎರಡನೇ ಚೀಟಿಯಲ್ಲಿ ಹದಿನೈದು ಇತ್ತು. ನಿಮ್ಮ ಎಂಜಿನ್. ಸುದ್ದಿ ಕೇಳಿ ನೀವು ಗ್ಯಾರೇಜಿನಿಂದ ಓಡಿಬಂದು ಎಲ್ಲರ ಎದುರಿಗೆ ನನ್ನ ಎರಡೂ ಕೈ ಹಿಡಿದುಕೊಂಡು, ಚಂದ್ರೂ ನಿನ್ನ ಕೈಗುಣಾನೇ ಕೈಗುಣ ಎಂದಿರಿ. ಆ ಮಾತು ಈಗಲೂ ನನಗೆ ಅನ್ನ ಕಲಸುವಾಗ ಕೇಳಿಸುತ್ತದೆ.

ಯಾಕೆ ಹಾಗೆ ಮಾಡಿದೆ ಎಂದು ನಾಲ್ಕು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಅವಳಿಗೆ ಆಸೆಯಾಗಿತ್ತು, ಅದಕ್ಕೆ. ಒಂದೇ ಒಂದು ಸಲ ಅವಳು ನನ್ನ ಹತ್ತಿರ ಕೇಳಿದ್ದಳು, ಅದಕ್ಕೆ. ಖಾಲಿ ಚೀಟಿ ಹಿಡಿದುಕೊಂಡು ಬಂದರೆ, ಇವಳು ಬೇಕೆಂದೇ ತಂದಳು ಎಂದು ನೀವಿಬ್ಬರೂ ಅಂದುಕೊಳ್ಳುತ್ತೀರಿ ಎಂಬ ಭಯವೂ ಇತ್ತು. ಇದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ.

ಭಾನುವಾರದ್ದು ಬರೆಯುವುದಿಲ್ಲ. ಮುಂದಿನ ಕಾರು ಗೋಡೆಗೆ ಹೊಡೆದು, ಅದರ ಚಕ್ರ, ಹಾರಿಹೋಗದಂತೆ ಕಟ್ಟಿದ್ದ ಹಗ್ಗ ಹರಿದುಕೊಂಡು, ಕೃತಿಯ ತಲೆಯ ಕಡೆಗೇ ಬಂದದ್ದು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅದಕ್ಕೆ ಮುಂಚಿನ ತಿರುವಿನಲ್ಲಿ ಕೃತಿಯ ಎಂಜಿನ್ ಒಮ್ಮೆ ಮುಗ್ಗರಿಸಿದ್ದು ಕಿವಿಗೆ ಕೇಳಿಸಿತು, ಅದು ಹಾಗೆ ತಡವರಿಸದಿದ್ದರೆ ಅವಳು ಅಷ್ಟು ಹೊತ್ತಿಗೆ ಆ ಜಾಗ ದಾಟಿ ಹೋಗಿರುತ್ತಿದ್ದಳು ಎಂದು ನೀವು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ಹೇಳಿದಿರಿ. ಆಗ ನಾನು ಕೂಗಿದೆ. ನಿಮ್ಮ ಎಂಜಿನ್ನೇ ನನ್ನ ಮಗಳನ್ನ ತಿಂದಿದ್ದು ಅಂತ. ನರ್ಸುಗಳೆಲ್ಲ ತಿರುಗಿ ನೋಡಿದರು. ನೀವು ತಲೆ ಎತ್ತಲಿಲ್ಲ, ಒಂದು ಮಾತೂ ಎದುರಾಡಲಿಲ್ಲ. ನೀವು ಎದುರಾಡಿದ್ದರೆ ನಾನು ಅಲ್ಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ನೀವು ಒಪ್ಪಿಕೊಂಡುಬಿಟ್ಟಿರಿ. ನನಗೆ ಆ ಹೊತ್ತಿಗೆ ಒಬ್ಬ ತಪ್ಪಿತಸ್ಥ ಬೇಕಾಗಿತ್ತು, ನೀವು ಸಿಕ್ಕಿದಿರಿ.

ಇನ್ನೊಂದೂ ಇದೆ. ಆರು ತಿಂಗಳ ಮೇಲೆ ತನಿಖೆಯ ವರದಿ ಬಂತಲ್ಲ, ಇಬ್ಬರ ಹೆಸರಿಗೂ ಬೇರೆ ಬೇರೆ ಲಕೋಟೆ. ನಿಮ್ಮದನ್ನು ನೀವು ಒಡೆಯದೆ ಫ್ರಿಜ್ ಮೇಲೆ ಇಟ್ಟಿರಿ. ನಾನು ನನ್ನದನ್ನು ಓದಿದೆ. ಎಂಜಿನ್ ಎಲ್ಲೂ ಮುಗ್ಗರಿಸಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಮುಂದೆ ಅಪಘಾತವಾಗಿದೆಯೆಂದು ಹಳದಿ ಬಾವುಟ ಬೀಸಿದರು, ಅದನ್ನು ನೋಡಿ ಕೃತಿ ತಾನೇ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದು ವೇಗ ತಗ್ಗಿಸಿದಳು. ನಿಯಮ ಹೇಗೋ ಹಾಗೆ. ನಿಮಗೆ ಕೇಳಿಸಿದ್ದು ನಿಮ್ಮ ಮಗಳ ವಿವೇಕ, ನಿಮ್ಮ ಎಂಜಿನ್ನಿನ ದೋಷ ಅಲ್ಲ. ಕೊನೇ ತನಕ ಅದು ಒಳ್ಳೇ ಎಂಜಿನ್ನಾಗಿತ್ತು. ನೀವು ಆ ಲಕೋಟೆ ಒಡೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಹೇಳಿದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರ ತಪ್ಪು ಅನ್ನುವುದು ಬರುತ್ತಿತ್ತು. ಅದಕ್ಕೆ ಹೆದರಿ ಮನೆ ಬಿಟ್ಟೆ. ನಿಮ್ಮ ಮುಖ ನೋಡಲಾರೆ ಎಂದು ಹೇಳಿ ಬಂದೆನಲ್ಲ, ಆ ಮಾತು ನಿಜವೇ. ಕಾರಣ ಮಾತ್ರ ನೀವು ಅಂದುಕೊಂಡದ್ದಲ್ಲ.

ನೀವು ಎಂಜಿನ್ ಮುಟ್ಟುವುದು ಬಿಟ್ಟು ಗೋದಾಮಿನ ಫೋರ್ಕ್‌ಲಿಫ್ಟ್ ರಿಪೇರಿಗೆ ಸೇರಿದ್ದನ್ನು ಯಾರೋ ಹೇಳಿದರು. ಅವತ್ತು ಊಟ ಸೇರಲಿಲ್ಲ. ಆದರೂ ಫೋನ್ ಎತ್ತಲಿಲ್ಲ.

ಶಾರನ್ ನೆನಪಿದ್ದಾಳಾ? ಆ ಖಾಲಿ ಚೀಟಿ ಕೊನೆಗೆ ಅವಳ ಕೈಗೆ ಹೋಯಿತು, ಅವಳ ಮಗ ಲೂಕ್ ಆ ಭಾನುವಾರ ಕಾರು ಹತ್ತಲಿಲ್ಲ. ಅವಳ ಮನೆ ಇಲ್ಲಿಂದ ಹತ್ತು ನಿಮಿಷ. ಪ್ರತಿ ಜನವರಿಯಲ್ಲಿ ಅವರ ಮರದ ಪ್ಲಮ್ ಹಣ್ಣು ಒಂದು ಬುಟ್ಟಿ ತಂದುಕೊಟ್ಟು, ನನ್ನ ಕೈ ಹಿಡಿದು ಅಳುತ್ತಾಳೆ. ನಿನ್ನ ಮಗಳ ಬದಲು ನನ್ನ ಮಗನಿಗೆ ಆ ಅದೃಷ್ಟ ಯಾಕೆ ಬಂತೋ, ನಿನ್ನ ಮುಂದೆ ನಿಲ್ಲಲು ನನಗೆ ನಾಚಿಕೆ ಅನ್ನುತ್ತಾಳೆ. ನಾನು ಅವಳ ಬೆನ್ನು ಸವರಿ ಸಮಾಧಾನ ಹೇಳಿ ಕಳಿಸುತ್ತೇನೆ. ಆ ಹಣ್ಣು ಒಂದನ್ನೂ ನಾನು ತಿಂದಿಲ್ಲ, ರಚನಾ ತಿನ್ನುತ್ತಾಳೆ.

ಲೂಕ್ ಈಗಲೂ ಓಡಿಸುತ್ತಾನೆ. ಮೊನ್ನೆ ಶಾರನ್ ಬಂದಾಗ ಹೊಸ ಕಾರಿನ ಫೋಟೋ ತೋರಿಸಿದಳು. ತಲೆಯ ಮೇಲೆ ಆ ಕಮಾನು ನೋಡಿದೆ. ಒಂದೊಂದು ಚಕ್ರಕ್ಕೂ ಈಗ ಎರಡೆರಡು ಹಗ್ಗವಂತೆ. ಇದು ನಮ್ಮ ಕೃತಿಯಿಂದ ಬಂತು ಎಂದು ಶಾರನ್ ಅಂದಳು. ನೀವು ಶುಕ್ರವಾರ ಊಹೂಂ ಅಂದರೆ ಅವನು ಆ ಕಾರಿನಿಂದ ಇಳಿದು ಹಳೆಯದರಲ್ಲಿ ಕೂರುತ್ತಾನೆ. ಅವನ ಜೊತೆ ಇನ್ನೂ ಹದಿನೈದು ಮಕ್ಕಳು. ಅಂಥ ಕಾರಿನಲ್ಲಿ ಕೂರುವುದು ಹೇಗೆ ಮುಗಿಯುತ್ತದೆ ಎಂದು ನಮ್ಮಿಬ್ಬರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಹೇಳಿ.

ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷ ಇದ್ದದ್ದು ನನ್ನ ಕೈಯಲ್ಲಿ. ಇಷ್ಟು ಹೇಳುವುದಕ್ಕೆ ನಾಲ್ಕು ವರ್ಷ, ಹದಿನೆಂಟು ದಿನ ತೆಗೆದುಕೊಂಡೆ. ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ, ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ಅದು ಇನ್ನೂ ಕಷ್ಟ. ಫ್ರಿಜ್ ಮೇಲಿನ ಆ ಲಕೋಟೆ ಒಡೆದು ಓದಿ. ಓದಿ, ಗ್ರಹಾಂಗೆ ಫೋನ್ ಮಾಡಿ. ಆಮೇಲೆ ನನ್ನ ಮೇಲೆ ಎಷ್ಟು ಬೇಕಾದರೂ ಕೋಪ ಮಾಡಿಕೊಳ್ಳಿ, ಈ ಸಲ ನೀವು ಕೂಗಿ, ನಾನು ತಲೆ ತಗ್ಗಿಸಿಕೊಂಡು ನಿಲ್ಲುತ್ತೇನೆ.

ಮಾತ್ರೆ ಮರೆಯಬೇಡಿ. ಊಟವಾದ ಮೇಲೆ ಒಂದು, ಬಿಳಿಯದು.

ನಿಮ್ಮ,
ಚಂದ್ರಿಕಾ

ಮರೆತ ಮಾತು: ಮರೆತದ್ದಲ್ಲ, ಇದಿಲ್ಲದೆ ಮುಚ್ಚಿಬಿಡೋಣ ಎಂದು ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿದೆ. ನಾನು ಚೀಟಿ ಬಿಟ್ಟು ಇನ್ನೊಂದು ತೆಗೆದದ್ದನ್ನು ಕೃತಿ ನೋಡಿದಳು. ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಜನ ಚದುರಿದ ಮೇಲೆ ಬಂದು ಹಿಂದಿನಿಂದ ನನ್ನ ಕತ್ತು ತಬ್ಬಿಕೊಂಡು, ಕಿವಿಯಲ್ಲಿ, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ ಹೇಳಿದಳು: ‘ಅಮ್ಮಾ, ಕೊನೆಗೂ ನೀನು ಅಪ್ಪನ ಕಡೆ, ನನ್ನ ಕಡೆ ಬಂದ್ಬಿಟ್ಟೆ.’ ಎಷ್ಟು ಖುಷಿಯಾಗಿದ್ದಳು ಗೊತ್ತಾ. ಅವಳ ಬಾಯಲ್ಲಿ ನಾನು ಕೇಳಿದ ಕೊನೇ ಕನ್ನಡದ ಮಾತು ಅದು. ನಿಮಗೂ ಸೇರಬೇಕಾದ ಮಾತು. ಅದನ್ನು ಹೇಳಬೇಕಾದರೆ ಚೀಟಿಯ ವಿಷಯ ಹೇಳಬೇಕಾಗುತ್ತಿತ್ತು, ಅದಕ್ಕೇ ಇಷ್ಟು ದಿನ ಅದನ್ನೂ ನಿಮ್ಮಿಂದ ಬಚ್ಚಿಟ್ಟುಕೊಂಡು, ನಾನೊಬ್ಬಳೇ ಕೇಳಿಸಿಕೊಳ್ಳುತ್ತಿದ್ದೆ.